ಗ್ರೂಪಲ್ಲಿ ಡಾಕ್ಟರು ಇದ್ದಾರಲ್ಲ

ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ 41 ಜನ. ಇಬ್ಬರು ಡಾಕ್ಟರು, ಪುಣೆ, ಮುಂಬೈ, ಹೈದರಾಬಾದಿನಲ್ಲಿ ಕೂತ ನಮ್ಮಂಥ ಇಂಜಿನಿಯರುಗಳು ಹತ್ತಾರು. ಲಕ್ವ ಹೊಡೆದವರನ್ನು ಅಲುಗಾಡಿಸಬೇಡಿ, ಹತ್ತೂ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ಬರಿಸಿ, ಸರಿಹೋಗುತ್ತಾರೆ ಎಂಬ ಸಂದೇಶವನ್ನು ಮಾವ ಅಲ್ಲಿ ಹಾಕಿದಾಗ ಎಲ್ಲರೂ ಓದಿದೆವು. ಆರು ಜನ ಕೈಮುಗಿದರು. ನಾನು ಆಫೀಸಿನಲ್ಲಿ ಕೂತು ನಕ್ಕು ಸುಮ್ಮನಾದೆ. ಹಿರಿಯರು, ಯಾಕೆ ನಿಷ್ಠುರ?

ನಾಲ್ಕು ತಿಂಗಳ ಮೇಲೆ ಶಿರಸಿ ಹತ್ತಿರದ ಊರಲ್ಲಿ ದೊಡ್ಡಪ್ಪನ ಬಾಯಿ ಸೊಟ್ಟಗಾಯಿತು, ಬಲಗೈ ಏಳಲಿಲ್ಲ. ದೊಡ್ಡಮ್ಮ ಸೂಜಿ ಹುಡುಕಿದರು. ದೀಪಕ್ಕೆ ಹಿಡಿದು ಕಾಯಿಸಿ, ಒಂದೊಂದೇ ಬೆರಳಿಗೆ ಚುಚ್ಚಿ, ಕಾದರು. ಕಾರು ಹೊರಟಾಗ ಮೂರು ಗಂಟೆ ಕಳೆದಿತ್ತು. ಹುಬ್ಬಳ್ಳಿ ಅಲ್ಲಿಂದ ಸುಮಾರು ನೂರು ಕಿಲೋಮೀಟರ್.

ಲಕ್ವಗಳಲ್ಲಿ ಹೆಚ್ಚಿನವು ಮೆದುಳಿನ ರಕ್ತನಾಳಕ್ಕೆ ಹೆಪ್ಪು ಅಡ್ಡವಾಗಿ ಆಗುವಂಥವು. ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು, ಅದೂ ಸ್ಕ್ಯಾನ್ ಮಾಡಿ, ಮೆದುಳಲ್ಲಿ ರಕ್ತಸ್ರಾವ ಆಗಿಲ್ಲವೆಂದು ನೋಡಿಕೊಂಡ ಮೇಲೆ. ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆಯೇ ‘ಎಷ್ಟು ಹೊತ್ತಿಗೆ ಶುರುವಾಯಿತು?’

ದೊಡ್ಡಪ್ಪ ಬದುಕಿದ್ದಾರೆ. ಮಾತು ಹೋಗಿದೆ. ಬೇಗ ಹೋಗಿದ್ದರೆ ಉಳಿಯುತ್ತಿತ್ತೇ ಎಂದು ಯಾರೂ ಹೇಳಲಾರರು.

ಆಮೇಲಿಂದ ನಮ್ಮ ಭಾನುವಾರದ ಕೂಟಗಳಲ್ಲಿ ‘ವಾಟ್ಸಾಪ್ ಯೂನಿವರ್ಸಿಟಿ’ ಜೋಕು ಕೇಳಿದರೆ ಮೈ ಉರಿಯುತ್ತದೆ. ಊರವರು ದಡ್ಡರಂತೆ, ಏನು ಬಂದರೂ ನಂಬುತ್ತಾರಂತೆ! ಏಳನೇ ಇಯತ್ತೆ ಓದಿದ ದೊಡ್ಡಮ್ಮ ನಂಬಿದ್ದು ಆ ಸಂದೇಶವನ್ನಲ್ಲ, ನಮ್ಮನ್ನು. ‘ಗ್ರೂಪಲ್ಲಿ ಡಾಕ್ಟರು ಇದ್ದಾರಲ್ಲ, ನೀವೆಲ್ಲ ಇದ್ದೀರಲ್ಲ, ತಪ್ಪಾಗಿದ್ರೆ ಯಾರಾದ್ರೂ ಹೇಳ್ತಿದ್ರಿ ಅಂದ್ಕಂಡೆ’ ಎಂದರು. ನಾವು ಮೌನವಾಗಿದ್ದದ್ದು ಅವರಿಗೆ ಡಾಕ್ಟರ ಸಹಿಯಂತೆ ಕಂಡಿದೆ. ತಪ್ಪು ಲೆಕ್ಕವೇನಲ್ಲ ಅದು.

ಯಾರಾದರೂ ‘ಕನ್ನಡ್’ ಅಂದರೆ ಅರ್ಧ ದಿನ ಜಗಳಾಡುವವರು ನಾವು. ಕಾಗುಣಿತ ತಪ್ಪಿದರೆ ಈ ಪತ್ರಿಕೆಗೂ ಪತ್ರ ಬರೆಯುತ್ತೇವೆ. ಆದರೆ ಜೀವದ ವಿಷಯ ಬಂದಾಗ ಮಾವನ ಮರ್ಯಾದೆ ಅಡ್ಡ ಬರುತ್ತದೆ! ಎಲ್ಲರೆದುರು ಬೇಡವೆಂದರೆ ಅವರಿಗೇ ಫೋನ್ ಮಾಡಬಹುದಿತ್ತು. ಅದನ್ನೂ ಮಾಡಲಿಲ್ಲ. ಮರ್ಯಾದೆಯ ಮಾತೆಲ್ಲ ನೆಪ, ಇದ್ದದ್ದು ಸೋಮಾರಿತನ.

ಕಳೆದ ವಾರ ಮಾವ ಇನ್ನೊಂದು ಹಾಕಿದರು: ಒಬ್ಬರೇ ಇದ್ದಾಗ ಹಾರ್ಟ್ ಅಟ್ಯಾಕ್ ಆದರೆ ಜೋರಾಗಿ ಕೆಮ್ಮುತ್ತಿರಿ. ‘ಮಾವ, ಇದು ತಪ್ಪು. ಕೆಮ್ಮುತ್ತ ಕೂರಬಾರದು, ತಕ್ಷಣ 108ಕ್ಕೆ ಫೋನ್ ಮಾಡಬೇಕು’ ಎಂದು ಅಲ್ಲೇ ಬರೆದೆ. ಮಾವ ಗ್ರೂಪ್ ಬಿಟ್ಟುಹೋದರು. ಡಾಕ್ಟರಿಬ್ಬರೂ ಓದಿದ್ದಾರೆ, ನೀಲಿ ಗುರುತು ಬಿದ್ದಿದೆ. ಇನ್ನೂ ಏನೂ ಬರೆದಿಲ್ಲ.