ಸೈರನ್ ಹಿನ್ನೆಲೆ ಸಂಗೀತವಲ್ಲ

2025ರ ಮೇ 10ರಂದು ಕೇಂದ್ರ ಸರ್ಕಾರದ ನಾಗರಿಕ ರಕ್ಷಣಾ ನಿರ್ದೇಶನಾಲಯ ಸುದ್ದಿವಾಹಿನಿಗಳಿಗೆ ಒಂದು ಸೂಚನೆ ಕಳಿಸಿತು. ಕಾರ್ಯಕ್ರಮಗಳಲ್ಲಿ ವಾಯುದಾಳಿಯ ಸೈರನ್ ಸದ್ದು ಹಾಕಬೇಡಿ. ಜನರ ಕಿವಿ ಅದಕ್ಕೆ ಒಗ್ಗಿಹೋದರೆ, ನಿಜವಾದ ದಾಳಿಯ ದಿನ ಅದನ್ನೂ ಟೀವಿ ಸದ್ದು ಅಂದುಕೊಂಡು ಸುಮ್ಮನೆ ಕೂತುಬಿಡುತ್ತಾರೆ ಅನ್ನುವುದು ಅದರ ತಾತ್ಪರ್ಯ. ಆಪರೇಷನ್ ಸಿಂಧೂರದ ಆ ದಿನಗಳಲ್ಲಿ ಕರಾಚಿ ಬಂದರನ್ನು ಸ್ಟುಡಿಯೋದಲ್ಲೇ ಕೂತು ಸುಟ್ಟುಹಾಕಿದ ವಾಹಿನಿಗಳ ಬಗ್ಗೆ ಬೇಕಾದಷ್ಟು ಮಂದಿ ಬರೆದಿದ್ದಾರೆ. ನನಗೆ ಮಾತ್ರ ಈ ಚಿಕ್ಕ ಸೂಚನೆಯೇ ಎಲ್ಲಕ್ಕಿಂತ ಕಟುವಾದ ವಿಮರ್ಶೆಯಂತೆ ಕಾಣುತ್ತದೆ. ಜೀವ ಉಳಿಸಲು ಇರುವ ಒಂದು ಸದ್ದನ್ನು ನಾವು ಹಿನ್ನೆಲೆ ಸಂಗೀತ ಮಾಡಿಕೊಂಡಿದ್ದೆವು. ಅದನ್ನು ನಿಲ್ಲಿಸಿ ಅಂತ ಪತ್ರಕರ್ತರಿಗೆ ಸರ್ಕಾರ ಹೇಳಿಕೊಡಬೇಕಾಯಿತು.

ಇದಾಗಿ ಒಂದು ತಿಂಗಳಿಗೆ, ಜೂನ್ 13ರಂದು, ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿತು. ಹನ್ನೆರಡು ದಿನ ಯುದ್ಧ ನಡೆಯಿತು. ಯಲಹಂಕ ಉಪನಗರದಲ್ಲಿ ಭಾನುವಾರ ನಾನು ಹತ್ತಾರು ಪಿಯುಸಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಆ ವಾರ ಅವರಿಗೆ ಒಂದು ವಿಷಯ ಕೊಟ್ಟೆ: ‘ನಿನ್ನೆಯ ದೊಡ್ಡ ಸುದ್ದಿ ಮತ್ತು ನಿನ್ನೆಯ ನನ್ನ ದಿನ.’ ಅರ್ಧ ಪುಟ ಸಾಕು ಅಂದೆ.

ಹನ್ನೊಂದು ಹಾಳೆ ಬಂತು. ಹತ್ತರಲ್ಲಿ ಮೇಲರ್ಧ ಇಸ್ರೇಲ್–ಇರಾನ್, ಕೆಳಗರ್ಧ ಹೆಬ್ಬಾಳದ ಜಾಮ್, ಯಶವಂತಪುರದ ಕಾಲೇಜಿಗೆ ಬಸ್ಸಲ್ಲಿ ನಿಂತುಕೊಂಡೇ ಹೋದದ್ದು, ನೀರಿನ ಟ್ಯಾಂಕರ್, ಅಣ್ಣನ ಸಿಇಟಿ ಕೌನ್ಸೆಲಿಂಗ್. ಮೇಲರ್ಧ ಓದಿದರೆ ಐಪಿಎಲ್ ವರದಿಯ ಹಾಗಿತ್ತು. ಯಾರು ಎಷ್ಟು ಕ್ಷಿಪಣಿ ಬಿಟ್ಟರು, ಎಷ್ಟು ಹೊಡೆದುರುಳಿಸಿದರು, ಯಾರ ಕೈ ಮೇಲು. ಹುಡುಗರಲ್ಲಿ ಒಂದಿಬ್ಬರು ಇಸ್ರೇಲಿನ ಕಡೆ, ಒಬ್ಬ ಇರಾನಿನ ಕಡೆ. ಯಾಕೆ ಅಂತ ಕೇಳಿದರೆ ಕಾರಣವಿಲ್ಲ, ರೀಲ್ಸ್ ಇದೆ. ಕೆಳಗರ್ಧ ಮಾತ್ರ ಅವರದೇ ಕನ್ನಡದಲ್ಲಿತ್ತು, ಜೀವಂತವಾಗಿತ್ತು. ಎರಡರ ನಡುವೆ ಒಂದು ಎಳೆಯೂ ಇರಲಿಲ್ಲ.

ಹನ್ನೊಂದನೆಯ ಹಾಳೆಯಲ್ಲಿ ಮೇಲು–ಕೆಳಗು ಅಂತ ಭಾಗವೇ ಇರಲಿಲ್ಲ. ಬರೆದವಳ ಅಮ್ಮನ ಮನೆ ಉಡುಪಿ ಕಡೆ. ಚಿಕ್ಕಮ್ಮ ಇಸ್ರೇಲಿನಲ್ಲಿ ಒಬ್ಬ ವೃದ್ಧೆಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಸೈರನ್ ಆದಾಗ ಆಕೆ ಓಡುವ ಹಾಗಿಲ್ಲ, ಗಾಲಿಕುರ್ಚಿ ತಳ್ಳಿಕೊಂಡೇ ಹೋಗಬೇಕು. ಇಲ್ಲಿ ಯಲಹಂಕದ ಮನೆಯಲ್ಲಿ ಅಜ್ಜಿ ಇದ್ದಾರೆ. ಟೀವಿಯಲ್ಲಿ ಸೈರನ್ ಬಂದರೆ ಅಜ್ಜಿ ಮೊಬೈಲ್ ಹುಡುಕುತ್ತಾರೆ. ಅದಕ್ಕೇ ಮೇ ತಿಂಗಳಿಂದ ಅವರ ಮನೆಯಲ್ಲಿ ನ್ಯೂಸ್ ಹಾಕಿದರೂ ಟೀವಿ ಮ್ಯೂಟ್‌ನಲ್ಲೇ ಇರುತ್ತದಂತೆ. ಆ ಹುಡುಗಿಯ ಕೊನೆಯ ಸಾಲು ಒಂದು ಪ್ರಶ್ನೆ: ಅಲ್ಲಿ ಚಿಕ್ಕಮ್ಮ ಬೆಳಿಗ್ಗೆ ಹಾಲು ತರಲು ಹೋಗುತ್ತಾಳಾ ಇಲ್ಲವಾ ಅನ್ನೋದನ್ನ ಯಾವ ಚಾನೆಲ್ ಹೇಳುತ್ತೆ?

ಯಾವ ಚಾನೆಲ್ಲೂ ಹೇಳುವುದಿಲ್ಲ. ನನ್ನ ತಕರಾರು ಇಷ್ಟೇ. ನಮ್ಮ ಮಾಧ್ಯಮ ಹದಿಹರೆಯದ ಮಕ್ಕಳಿಗೆ ಯುದ್ಧದ ಸ್ಕೋರು ಕೊಟ್ಟಿದೆ, ಬದುಕನ್ನು ಕೊಟ್ಟಿಲ್ಲ. ಅದನ್ನು ಕೊಡಬಲ್ಲವರು ಟೆಲ್ ಅವೀವ್‌ನಲ್ಲಿ ಬುಲೆಟ್‌ಪ್ರೂಫ್ ಜಾಕೆಟ್ ಹಾಕಿ ನಿಲ್ಲುವ ಆ್ಯಂಕರುಗಳಲ್ಲ, ಉಡುಪಿ, ಮಂಗಳೂರು, ಗೌರಿಬಿದನೂರಿನ ವರದಿಗಾರರು. ಅಂದರೆ ನಮ್ಮಂಥವರು.

ಮೊದಲು ಇಸ್ರೇಲಿನದೇ ಮಾತಾಡೋಣ. ಅಲ್ಲಿನ ಹದಿನೇಳರ ಹುಡುಗ ಅಥವಾ ಹುಡುಗಿಗೆ ರಾಷ್ಟ್ರೀಯ ಸುದ್ದಿ ಟೀವಿಯೊಳಗೆ ಉಳಿಯುವುದಿಲ್ಲ, ಮನೆಯ ಗೋಡೆಯಲ್ಲೇ ಇರುತ್ತದೆ. 1991ರ ಕೊಲ್ಲಿ ಯುದ್ಧದ ನಂತರ ಅಲ್ಲಿ ಕಟ್ಟುವ ಹೊಸ ಮನೆಗಳಿಗೆ ಕಾಂಕ್ರೀಟಿನ ಒಂದು ರಕ್ಷಣಾ ಕೋಣೆ ಕಡ್ಡಾಯವಾಯಿತು. ‘ಮಮಾದ್’ ಅಂತಾರೆ. ಗಾಜಾದಿಂದ ರಾಕೆಟ್ ಹೊರಟರೆ ಗಡಿಯ ಸ್ದೆರೋತ್ ಊರಿನವರಿಗೆ ಸಿಗುವುದು ಸುಮಾರು 15 ಸೆಕೆಂಡ್, ಟೆಲ್ ಅವೀವ್‌ನವರಿಗೆ ಸುಮಾರು 90. ಹದಿನೆಂಟು ತುಂಬಿದರೆ ಸೇನೆಯ ಕರೆ ಬರುತ್ತದೆ. ಅಲ್ಲಿನ ಸೇನಾ ರೇಡಿಯೋದಲ್ಲಿ ಆಗತಾನೇ ಶಾಲೆ ಮುಗಿಸಿದ ಸೈನಿಕರೇ ವರದಿಗಾರರಾಗಿ ಕೆಲಸ ಮಾಡಿದ್ದಾರೆ. ಸುದ್ದಿಯ ಮೇಲೆ ಸೇನೆಯ ಸೆನ್ಸಾರ್ ಕೂಡ ಇದೆ.

ಹಾಗಂತ ಅಲ್ಲಿನ ಮಕ್ಕಳೆಲ್ಲ ಒಂದೇ ಮಾತು ಆಡುತ್ತಾರೆ ಅಂದುಕೊಳ್ಳಬೇಡಿ. 1970ರಲ್ಲಿ ಹನ್ನೆರಡನೇ ತರಗತಿಯ ಒಂದಷ್ಟು ವಿದ್ಯಾರ್ಥಿಗಳು ಪ್ರಧಾನಿ ಗೋಲ್ಡಾ ಮೇಯರ್‌ಗೆ ಬಹಿರಂಗ ಪತ್ರ ಬರೆದು, ಶಾಂತಿ ಮಾತುಕತೆಯ ಅವಕಾಶವನ್ನು ಕೈಬಿಟ್ಟದ್ದನ್ನು ಪ್ರಶ್ನಿಸಿದ್ದರು. ಅಂಥ ಪತ್ರಗಳ ಪರಂಪರೆಯೇ ಮುಂದೆ ಬೆಳೆಯಿತು. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಸುಮಾರು 1,200 ಮಂದಿ ಸತ್ತು, ಸುಮಾರು 250 ಮಂದಿ ಒತ್ತೆಯಾಳುಗಳಾದ ಮೇಲೆ, ದೇಶವೆಲ್ಲ ಕುದಿಯುತ್ತಿದ್ದ ಅದೇ ಡಿಸೆಂಬರ್‌ನಲ್ಲಿ, ಟಾಲ್ ಮಿಟ್ನಿಕ್ ಎಂಬ 18ರ ಹುಡುಗ ಸೇನೆ ಸೇರಲು ಒಪ್ಪದೆ 30 ದಿನ ಸೇನಾ ಜೈಲಿಗೆ ಹೋದ. ಅವನ ವಯಸ್ಸಿನ ಬಹುಪಾಲು ಮಕ್ಕಳು ಸಮವಸ್ತ್ರ ತೊಟ್ಟರು. ಧರ್ಮಶಾಲೆಯಲ್ಲಿ ಓದುವ ಕಟ್ಟಾ ಸಂಪ್ರದಾಯಸ್ಥ ಯಹೂದಿ ಹುಡುಗರೂ ಸೇನೆಗೆ ಬರಲೇಬೇಕು ಅಂತ 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದಾಗ ಇನ್ನೊಂದು ಜಗಳ ಹೊತ್ತಿತು.

ಇನ್ನು ಆ ರಕ್ಷಣಾ ಕೋಣೆ ಎಲ್ಲರಿಗೂ ಇದೆಯಾ? 2025ರ ಜೂನ್ 14ರ ರಾತ್ರಿ ಇರಾನಿನ ಕ್ಷಿಪಣಿ ಇಸ್ರೇಲಿನೊಳಗಿನ ಅರಬ್ಬರ ಊರು ತಮ್ರಾದ ಒಂದು ಮನೆಯ ಮೇಲೆ ಬಿತ್ತು. ಒಂದೇ ಕುಟುಂಬದ ನಾಲ್ವರು ಹೆಣ್ಣುಮಕ್ಕಳು ಸತ್ತರು. ಅಂಥ ಊರುಗಳಲ್ಲಿ ಸಾರ್ವಜನಿಕ ಆಶ್ರಯತಾಣಗಳೇ ಇಲ್ಲ ಅನ್ನುವ ಹಳೆಯ ದೂರು ಆಗ ಮತ್ತೆ ಎದ್ದಿತು. ಗಾಜಾದಲ್ಲಂತೂ ಹದಿನೇಳರ ಮಕ್ಕಳಿಗೆ ಓಡಿಹೋಗಲು ಕೋಣೆಯೂ ಇಲ್ಲ, ಎಚ್ಚರಿಸಲು ಸೈರನ್ನೂ ಇಲ್ಲ. ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಸತ್ತವರ ಸಂಖ್ಯೆ 2025ರ ಮಾರ್ಚ್‌ನಲ್ಲೇ 50,000 ದಾಟಿತ್ತು. ಈಗ ಹೇಳಿ, ಇದರಲ್ಲಿ ‘ಟೀಮ್ ಇಸ್ರೇಲ್’ ಎಲ್ಲಿದೆ? ಜರ್ಸಿ ಯಾವುದು? ಇಷ್ಟು ಸಂಗತಿ ಗೊತ್ತಿದ್ದರೆ ಯಲಹಂಕದ ಹುಡುಗ ಯಾರ ಪರ ಬೇಕಾದರೂ ನಿಲ್ಲಲಿ, ಯೋಚಿಸಿ ನಿಂತಿರುತ್ತಾನೆ. ಅವನಿಗೆ ಸಿಕ್ಕಿದ್ದು ಬೇರೆಯೇ. 2023ರಲ್ಲಿ ‘ಆರ್ಮಾ 3’ ಎಂಬ ವಿಡಿಯೋ ಗೇಮಿನ ದೃಶ್ಯಗಳು ಗಾಜಾ ಯುದ್ಧದ ದೃಶ್ಯಗಳೆಂದು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಆಟವನ್ನೇ ಯುದ್ಧ ಅಂತ ತೋರಿಸಿದರೆ, ಯುದ್ಧವೂ ಆಟದ ಹಾಗೆ ಕಂಡೀತು.

‘ಅದೆಲ್ಲ ದೂರದ ದೇಶದ ಕತೆ, ಹೆಬ್ಬಾಳದವರಿಗೇನು’ ಅನ್ನುವವರಿದ್ದಾರೆ. ಉತ್ತರ ಬೆಂಗಳೂರಿನಲ್ಲಿ ನಿಂತು ಈ ಮಾತು ಹೇಳುವುದಕ್ಕೆ ಕಣ್ಣು ಮುಚ್ಚಿಕೊಂಡಿರಬೇಕು. ಆರ್.ಟಿ. ನಗರದ ಪಕ್ಕದ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಕುದುರೆ ಸವಾರರು ಒಟ್ಟೋಮನ್ ಸೇನೆಯಿಂದ ಹೈಫಾ ಪಟ್ಟಣವನ್ನು ಗೆದ್ದರು. ಅದು ಇಂದಿನ ಇಸ್ರೇಲಿನ ಅದೇ ಹೈಫಾ. ಮೇಲೆ ಹೇಳಿದ ತಮ್ರಾ ಅಲ್ಲಿಂದ ಹೆಚ್ಚು ದೂರವಿಲ್ಲ. 2018ರ ಜನವರಿಯಲ್ಲಿ ನೆತನ್ಯಾಹು ಬಂದಾಗ ದೆಹಲಿಯ ತೀನ್ ಮೂರ್ತಿ ಚೌಕಕ್ಕೆ ಹೈಫಾ ಹೆಸರು ಸೇರಿಸಿದ ಸುದ್ದಿ ಎಲ್ಲ ಕಡೆ ಬಂತು. ಜೆ.ಸಿ. ನಗರದ ಕಂಬವನ್ನು ದಿನಾ ದಾಟಿ ಹೋಗುವ ನನ್ನ ಮಕ್ಕಳಿಗೆ ಅದು ಏನೆಂದೇ ಗೊತ್ತಿಲ್ಲ.

ಯಲಹಂಕದ ದೊಡ್ಡ ರಸ್ತೆಗೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಹೆಸರಿದೆ. 2008ರ ನವೆಂಬರ್‌ನ ಮುಂಬೈ ದಾಳಿಯಲ್ಲಿ ತಾಜ್ ಹೋಟೆಲಿನೊಳಗೆ ಪ್ರಾಣ ಕೊಟ್ಟವರು. ಅದೇ ದಾಳಿಯಲ್ಲಿ ನಾರಿಮನ್ ಹೌಸ್‌ನ ಯಹೂದಿ ದಂಪತಿಯೂ ಸತ್ತರು. ಅವರ ಎರಡು ವರ್ಷದ ಮಗು ಮೋಶೆಯನ್ನು ಎತ್ತಿಕೊಂಡು ಹೊರಗೆ ಓಡಿಬಂದವಳು ಸಾಂಡ್ರಾ ಸ್ಯಾಮ್ಯುಯೆಲ್ ಎಂಬ ಭಾರತದ ಆಯಾ. ಆಮೇಲೆ ಆ ಮಗುವಿನ ಜೊತೆ ಇಸ್ರೇಲಿಗೂ ಹೋದಳು. ಇನ್ನೊಬ್ಬರ ಮಗುವನ್ನು, ಇನ್ನೊಬ್ಬರ ತಾಯಿಯನ್ನು ನೋಡಿಕೊಳ್ಳುವ ಕೈಗಳ ಕತೆ ಅಲ್ಲಿಂದಲೂ ಶುರು ಮಾಡಬಹುದು.

ಇನ್ನು ವ್ಯಾಪಾರ. ಜಾಲಹಳ್ಳಿಯ ಬಿಇಎಲ್ ಇಸ್ರೇಲಿನ ಐಎಐ ಕಂಪನಿಯ ಜೊತೆ ಸೇರಿ ನಮ್ಮ ಯುದ್ಧನೌಕೆಗಳ ಕ್ಷಿಪಣಿ ವ್ಯವಸ್ಥೆಗೆ ಕೆಲಸ ಮಾಡುತ್ತದೆ. ಯಲಹಂಕ ವಾಯುನೆಲೆಯ ಏರೋ ಇಂಡಿಯಾಗೆ ಇಸ್ರೇಲಿ ಕಂಪನಿಗಳು ಬರುತ್ತವೆ. 2025ರ ಪ್ರದರ್ಶನಕ್ಕೆ ಹದ್ದುಗಳ ಕಾಟ ತಪ್ಪಿಸಲು ಜನವರಿ 23ರಿಂದ ಫೆಬ್ರವರಿ 17ರವರೆಗೆ, ವಾಯುನೆಲೆಯ ಸುತ್ತ 13 ಕಿಲೋಮೀಟರಿನಲ್ಲಿ ಮಾಂಸ ಮಾರಾಟವನ್ನೇ ನಿಲ್ಲಿಸಲಾಯಿತು. 26 ದಿನ. ಆಕಾಶದಲ್ಲಿ ವಿಮಾನ ಲಾಗ ಹಾಕಿದ್ದನ್ನು ಎಲ್ಲರೂ ತೋರಿಸಿದರು. ಕೋಳಿ ಅಂಗಡಿಯವನ ಮಗಳು ಆ ತಿಂಗಳ ಟ್ಯೂಷನ್ ಫೀಸು ಹೇಗೆ ಕಟ್ಟಿದಳು ಅಂತ ಕೇಳಿದ ವರದಿ ನನ್ನ ಕಣ್ಣಿಗೆ ಬೀಳಲಿಲ್ಲ. ರಾಷ್ಟ್ರೀಯ ಸುದ್ದಿ ಮತ್ತು ದಿನನಿತ್ಯದ ಬದುಕಿನ ನಡುವಿನ ಎಳೆ ಅಂದರೆ ಇದೇ.

ಇದೇ ರಸ್ತೆಯಲ್ಲಿ ಇನ್ನೂ ಉತ್ತರಕ್ಕೆ, ದೊಡ್ಡಬಳ್ಳಾಪುರ ದಾಟಿ ಗೌರಿಬಿದನೂರು ತಾಲ್ಲೂಕಿಗೆ ಹೋದರೆ ಅಲೀಪುರ ಸಿಗುತ್ತದೆ. ಶಿಯಾ ಮುಸ್ಲಿಮರೇ ಹೆಚ್ಚಿರುವ ಊರು. ಅಲ್ಲಿನ ಮಕ್ಕಳು ಓದಲು ಇರಾನಿಗೆ ಹೋಗುತ್ತಾರೆ. ಜೂನ್‌ನಲ್ಲಿ ಅವರ ಹೆತ್ತವರೂ ಮೊಬೈಲ್ ಹಿಡಿದುಕೊಂಡು ಕೂತಿದ್ದರು. ಅತ್ತ ಟೆಲ್ ಅವೀವ್‌ನಲ್ಲಿ ಅಧ್ಯಯನ ಪ್ರವಾಸಕ್ಕೆ ಹೋದ ಕರ್ನಾಟಕದ ತಂಡವೊಂದು ಸಿಕ್ಕಿಕೊಂಡಿತ್ತು. ಯುದ್ಧದ ಎರಡೂ ಬದಿಯಲ್ಲಿ ನಮ್ಮ ಮನೆಯ ಮಕ್ಕಳಿದ್ದರು. ಉಡುಪಿಯ ಅಜ್ಜಿಯ ಆತಂಕವನ್ನೂ ಅಲೀಪುರದ ಅಪ್ಪನ ಆತಂಕವನ್ನೂ ಒಂದೇ ಪುಟದಲ್ಲಿ, ಅಕ್ಕಪಕ್ಕದಲ್ಲಿ ಹಾಕಿದ್ದರೆ ನನ್ನ ತರಗತಿಯ ಹುಡುಗರಿಗೆ ಹತ್ತು ಪ್ಯಾನೆಲ್ ಚರ್ಚೆಗಳಿಗಿಂತ ಹೆಚ್ಚು ಅರ್ಥವಾಗುತ್ತಿತ್ತು. ಬಿಡಿಬಿಡಿಯಾಗಿ ವರದಿಗಳು ಬಂದವು, ನಿಜ. ಜಿಲ್ಲಾ ಪುಟದಲ್ಲಿ ಬಂದು, ಜಿಲ್ಲಾ ಪುಟದಲ್ಲೇ ಸತ್ತವು. ಮುಖಪುಟದಲ್ಲಿ ಕ್ಷಿಪಣಿ ಇತ್ತು.

ಜನ ಅದನ್ನೇ ನೋಡುತ್ತಾರೆ, ಏನು ಮಾಡೋದು ಅನ್ನುವ ಸಮರ್ಥನೆ ಬರುತ್ತದೆ. ಜನ ಅಪಘಾತವನ್ನೂ ನಿಂತು ನೋಡುತ್ತಾರೆ. ಅದಕ್ಕೆ ಅಪಘಾತ ಮಾಡಿಸುವುದು ಯಾರ ವೃತ್ತಿಯೂ ಅಲ್ಲ. ಇನ್ನೊಂದು ಆಕ್ಷೇಪ ಸ್ವಲ್ಪ ಗಟ್ಟಿಯಾದದ್ದು: ಊರಿನ ಕಣ್ಣೀರು ಬರೆದರೆ ಜಾಗತಿಕ ರಾಜಕೀಯ ಅರ್ಥವಾಗುತ್ತದಾ? ಮನೆಯವರ ಭಯ ನೀತಿಯಾಗುತ್ತದಾ? ಆಗುವುದಿಲ್ಲ, ಒಪ್ಪಿದೆ. ಆದರೆ ಮನೆಯಿಂದ ಹೊರಟರೆ ನೀತಿಯ ಬಾಗಿಲಿಗೆ ತಲುಪಬಹುದು. 2023ರ ಯುದ್ಧ ಶುರುವಾದಾಗ ಇಸ್ರೇಲಿನಲ್ಲಿ ಸುಮಾರು 18,000 ಭಾರತೀಯರಿದ್ದರು, ಬಹಳ ಮಂದಿ ಆರೈಕೆ ಕೆಲಸದವರು. ಆಪರೇಷನ್ ಅಜಯ್ ವಿಮಾನ ಕಳಿಸಿದರೂ ಅವರಲ್ಲಿ ಅನೇಕರು ಹತ್ತಲಿಲ್ಲ. ಯಾಕೆ ಹತ್ತಲಿಲ್ಲ ಅನ್ನುವ ಒಂದೇ ಪ್ರಶ್ನೆ ಹಿಡಿದು ಹೊರಡಿ. ಸಾಲ ಸಿಗುತ್ತದೆ, ಏಜೆಂಟರ ಕಮಿಷನ್ ಸಿಗುತ್ತದೆ, ಊರಲ್ಲಿ ಆ ಸಂಬಳದ ಕೆಲಸವಿಲ್ಲ ಅನ್ನುವುದು ಸಿಗುತ್ತದೆ, ಬಿಟ್ಟು ಬಂದರೆ ಆ ವೃದ್ಧೆಯ ಗತಿಯೇನು ಅನ್ನುವ ಮನುಷ್ಯತ್ವವೂ ಸಿಗುತ್ತದೆ. 2024ರಲ್ಲಿ ಯುದ್ಧ ನಡೆಯುತ್ತಿರುವಾಗಲೇ ಹರಿಯಾಣ, ಉತ್ತರ ಪ್ರದೇಶದಲ್ಲಿ ಇಸ್ರೇಲಿನ ಕಟ್ಟಡ ಕೆಲಸಕ್ಕೆ ಸಾವಿರಾರು ಯುವಕರು ಯಾಕೆ ಸಾಲುಗಟ್ಟಿದರು ಅನ್ನುವುದಕ್ಕೂ ಉತ್ತರ ಅಲ್ಲೇ ಇದೆ. ಇದು ರಾಜಕೀಯ ಅಲ್ಲದಿದ್ದರೆ ಇನ್ನಾವುದು?

2021ರ ಮೇ ತಿಂಗಳಲ್ಲಿ ಇಸ್ರೇಲಿನ ಅಶ್ಕೆಲಾನ್‌ನಲ್ಲಿ ರಾಕೆಟ್ ಬಿದ್ದು ಕೇರಳದ ಇಡುಕ್ಕಿಯ ಒಬ್ಬ ಆರೈಕೆದಾರಳು ಸತ್ತಳು. ಆ ಹೊತ್ತಿನಲ್ಲಿ ಆಕೆ ಗಂಡನ ಜೊತೆ ವಿಡಿಯೋ ಕಾಲ್‌ನಲ್ಲಿದ್ದಳು. ಆ ಸಾವನ್ನು ಹೇಳಲು ಸೈರನ್ ಸದ್ದು ಬೇಕಿಲ್ಲ. ಕೆಂಪು ಅಕ್ಷರದ ಪಟ್ಟಿ ಬೇಕಿಲ್ಲ. ಒಂದು ವಾಕ್ಯ ಸಾಕು.

ಆದ್ದರಿಂದ ನಮ್ಮ ನಮ್ಮ ಊರುಗಳಲ್ಲಿ ವರದಿಗಾರಿಕೆ ಮಾಡುತ್ತಿರುವ ಗೆಳೆಯರಿಗೆ ನನ್ನ ಒತ್ತಾಯ. ಮುಂದಿನ ಯುದ್ಧ ಬರುತ್ತದೆ, ಬರದಿರಲಿ ಅನ್ನುವುದು ಹಾರೈಕೆ ಮಾತ್ರ. ಅದಕ್ಕೆ ಮೊದಲೇ ನಿಮ್ಮ ತಾಲ್ಲೂಕಿನಿಂದ ಯಾರು ಎಲ್ಲಿಗೆ ಹೋಗಿದ್ದಾರೆ, ಯಾವ ಕೆಲಸದಲ್ಲಿದ್ದಾರೆ, ಯಾರ ಮೂಲಕ ಹೋದರು ಅನ್ನುವುದು ನಿಮ್ಮ ನೋಟ್‌ಬುಕ್ಕಿನಲ್ಲಿರಲಿ. ಮನೆಯವರ ಹತ್ತಿರ ಹೋದಾಗ ‘ನಿಮಗೆ ಹೇಗನಿಸುತ್ತಿದೆ’ ಅಂತ ಮೈಕ್ ಹಿಡಿಯಬೇಡಿ. ಅಲ್ಲಿ ದಿನ ಹೇಗೆ ಶುರುವಾಗುತ್ತದೆ, ಹಾಲು ಎಲ್ಲಿಂದ ಬರುತ್ತದೆ ಅಂತ ಕೇಳಿ. ಮನೆಯಲ್ಲಿ ಹದಿನೇಳರ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಂಡು ಮಾತಾಡಿ, ಹೆಸರು, ಫೋಟೋ ಹಾಕದೆ. ಡೆಸ್ಕಿನವರು ಅದನ್ನು ಜಿಲ್ಲಾ ಪುಟಕ್ಕೆ ತಳ್ಳಿದರೆ ಜಗಳ ಮಾಡಿ.

ಡೆಸ್ಕಿನಲ್ಲಿ ಕೂತಿರುವ ಗೆಳೆಯರಿಗೂ ಒಂದು ಮಾತು. ಇವತ್ತು ಹದಿನೇಳು ಇರುವವರು ಬರುವ ಚುನಾವಣೆಯಲ್ಲಿ ಮತ ಹಾಕುತ್ತಾರೆ. ಯುದ್ಧ ಬೇಕೋ ಬೇಡವೋ, ಯಾರ ಜೊತೆ, ಯಾವ ಬೆಲೆಗೆ ಅನ್ನುವುದನ್ನು ತೀರ್ಮಾನಿಸುವ ಸರ್ಕಾರವನ್ನು ಅವರೇ ಆರಿಸುತ್ತಾರೆ. ಅವರಿಗೆ ಸ್ಕೋರು ಮಾತ್ರ ಕೊಟ್ಟು ಬೆಳೆಸಿದರೆ, ಅವರು ಸ್ಕೋರು ನೋಡಿಯೇ ಮತ ಹಾಕುತ್ತಾರೆ. ಆಗ ಅವರನ್ನು ಬೈಯುವ ಹಕ್ಕು ನಮಗಿರುವುದಿಲ್ಲ.