ಬೆಕ್ಕಿಗೆ ಹಾಲನ್ನ ಸಾಲದು



ಕಳೆದ ವಾರ ಗಂಗಾವತಿಯಿಂದ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನ ಮಗಳು ಬೆಕ್ಕಿನ ಮರಿಯೊಂದನ್ನು ಮನೆಗೆ ತಂದಿದ್ದಾಳೆ. "ಸರ್, ಅಂಗಡ್ಯಾಗ ಹತ್ತಾರು ನಮೂನಿ ಪಾಕೀಟು ಅದಾವ. ಯಾವುದು ತಗೋಬೇಕ್ರಿ? ಹಾಲು ಅನ್ನ ಹಾಕಿದ್ರ ಸಾಲೂದಿಲ್ಲೇನ್ರಿ?" ಎಂದು ಕೇಳಿದ. ಉತ್ತರ ಹೇಳುವಷ್ಟು ಪಾಂಡಿತ್ಯ ನನಗಿಲ್ಲ. ಆದರೆ ತಪ್ಪು ಮಾಡಿ ಕಲಿತ ಪಾಠವೊಂದಿದೆ. ಅದನ್ನು ಅವನೊಬ್ಬನಿಗೇ ಹೇಳುವ ಬದಲು ನಿಮ್ಮೆಲ್ಲರ ಮುಂದಿಡುತ್ತಿದ್ದೇನೆ.

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ಪ್ರೌಢಶಾಲೆಗಳಲ್ಲಿ ನಾನು ವಿಜ್ಞಾನ ಬೋಧಿಸಿದವನು. ಹುಲಿ, ಸಿಂಹ, ಬೆಕ್ಕು ಒಂದೇ ಕುಟುಂಬಕ್ಕೆ ಸೇರಿದ ಮಾಂಸಾಹಾರಿಗಳೆಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಸಂಜೆ ಮನೆಗೆ ಬಂದು ಅದೇ ಕೈಯಿಂದ ಬೆಕ್ಕಿಗೆ ಹಾಲನ್ನ ಕಲಸಿಡುತ್ತಿದ್ದೆ. ಎರಡಕ್ಕೂ ಇರುವ ವಿರೋಧ ನನಗೆ ಹೊಳೆಯಲೇ ಇಲ್ಲ.

ನಮ್ಮ ಅಜ್ಜಿಯ ಕಾಲದಲ್ಲಿ ಹಾಲನ್ನ ತಿಂದೇ ಬೆಕ್ಕುಗಳು ಬದುಕಿದವಲ್ಲ ಎಂದು ನೀವು ಕೇಳಬಹುದು. ಬದುಕಿದ್ದು ನಿಜ, ಆದರೆ ಹಾಲನ್ನದಿಂದಲ್ಲ. ಅಂದಿನ ಮಾಳಿಗೆ ಮನೆಗಳಲ್ಲಿ ಜೋಳದ ಚೀಲಗಳಿದ್ದವು, ಚೀಲಗಳ ಸಂದಿಯಲ್ಲಿ ಇಲಿಗಳಿದ್ದವು. ಬೆಕ್ಕಿನ ನಿಜವಾದ ಊಟ ಅದು. ಅಜ್ಜಿಯ ಹಾಲು ಬರಿಯ ಉಪಚಾರ. ಇಂದು ಸಿಮೆಂಟಿನ ಮನೆ, ಕಿಟಕಿಗೆ ಜಾಳಿಗೆ. ಊಟವನ್ನು ತೆಗೆದುಹಾಕಿ ಉಪಚಾರವನ್ನಷ್ಟೇ ನಾವು ಉಳಿಸಿಕೊಂಡಿದ್ದೇವೆ.

ನಿವೃತ್ತಿಯ ನಂತರ ನಮ್ಮಲ್ಲೊಂದು ಗಂಡು ಬೆಕ್ಕಿತ್ತು. ಬೆಳಿಗ್ಗೆ ಹಾಲನ್ನ, ಸಂಜೆ ಮಗ ತಂದುಕೊಟ್ಟ ಒಣ ಕಾಳಿನ ಆಹಾರ. ನಮ್ಮ ಭಾಗದ ಬೇಸಿಗೆ ನಿಮಗೆ ಗೊತ್ತೇ ಇದೆ, ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥದೊಂದು ಮೇ ತಿಂಗಳಲ್ಲಿ ಅದು ಮತ್ತೆ ಮತ್ತೆ ಮರಳಿನ ಮೇಲೆ ಕುಳಿತು ಮುಕ್ಕುತ್ತಿತ್ತು. ಮಲಬದ್ಧತೆಯಿರಬೇಕೆಂದು ಭಾವಿಸಿ ನಾನು ಎರಡು ದಿನ ಹಾಲು ಕುಡಿಸಿದೆ. ಮೂರನೆಯ ದಿನ ಪಶುವೈದ್ಯರ ಬಳಿಗೆ ಒಯ್ದಾಗ, ಮೂತ್ರದ ದಾರಿ ಹರಳುಗಳಿಂದ ಮುಚ್ಚಿಹೋಗಿದೆ, ತಡವಾಯಿತು ಎಂದರು. ಅದೇ ರಾತ್ರಿ ಅದು ತೀರಿಕೊಂಡಿತು. ಈ ರೋಗಕ್ಕೆ ಕಾರಣಗಳು ಹಲವು. ಆದರೂ ನೀರು ಸಾಲದ ಊಟ ಅವುಗಳಲ್ಲೊಂದೆಂದು ತಿಳಿದ ಮೇಲೆ ನನ್ನನ್ನು ನಾನು ಕ್ಷಮಿಸಿಕೊಳ್ಳಲಾಗಲಿಲ್ಲ. ಗಂಡು ಬೆಕ್ಕು ಮೂತ್ರಕ್ಕೆ ತಿಣುಕಿದರೆ ಒಂದು ಗಂಟೆಯನ್ನೂ ಕಳೆಯಬೇಡಿ.

ಅಂದಿನಿಂದ ಓದಲಾರಂಭಿಸಿದೆ. ಬೆಕ್ಕಿನ ಪೂರ್ವಜ ಆಫ್ರಿಕದ ಒಣನಾಡಿನ ಕಾಡುಬೆಕ್ಕು. ಬೇಟೆಯ ಮಾಂಸದಲ್ಲೇ ನೀರು ಪಡೆಯುವ ಪ್ರಾಣಿಯಾದ್ದರಿಂದ ಅದಕ್ಕೆ ಬಾಯಾರಿಕೆ ಕಡಿಮೆ. ಒಣ ಆಹಾರದಲ್ಲಿ ನೀರು ಶೇ. 10ರಷ್ಟು, ವೆಟ್ ಫುಡ್ ಎಂಬ ರಸದ ಆಹಾರದಲ್ಲಿ ಶೇ. 75ರಿಂದ 80. ಇನ್ನು ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. ಹಾಲಿನ ಕೇಸೀನ್ ಪ್ರೋಟೀನನ್ನೇ ಆಧಾರವಾಗಿಸಿದ ಆಹಾರ ತಿಂದ ಬೆಕ್ಕುಗಳ ಅಕ್ಷಿಪಟಲ ಟಾರಿನ್ ಕೊರತೆಯಿಂದ ಕೆಡುತ್ತದೆಂದು 1975ರಲ್ಲಿ ತಿಳಿದುಬಂತು. ಇದೇ ಕೊರತೆಯಿಂದ ಹೃದಯವೂ ಸೋಲುತ್ತದೆಂದು 1987ರಲ್ಲಿ. ಬಹಳಷ್ಟು ದೊಡ್ಡ ಬೆಕ್ಕುಗಳಿಗೆ ಹಾಲೂ ಸರಿಯಾಗಿ ಜೀರ್ಣವಾಗದು. ನಮ್ಮ ಆನೆಗೊಂದಿ ಸೀಮೆಯ ಮಕ್ಕಳೆಲ್ಲ ಕೇಳಿ ನಕ್ಕಿರುವ ತೆನಾಲಿ ರಾಮಕೃಷ್ಣನ ಕಥೆಯಲ್ಲಿ, ಹಾಲು ಕಂಡು ಓಡಿದ ಬೆಕ್ಕೇ ಜಾಣ ಬೆಕ್ಕೆಂದು ನನಗೀಗ ಅನ್ನಿಸುತ್ತದೆ!

ಹಾಗಾದರೆ ಯಾವ ಪೊಟ್ಟಣ? ಉತ್ತರಪತ್ರಿಕೆಯ ಮೊದಲ ಪುಟದ ಅಂದದ ಅಕ್ಷರ ಕಂಡು ನಾನು ಎಂದೂ ಅಂಕ ಕೊಟ್ಟವನಲ್ಲ. ನೀವೂ ಮುಂಬದಿಯ ಮೀನಿನ ಚಿತ್ರಕ್ಕೆ ಮರುಳಾಗಬೇಡಿ; ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಎಂದಿದ್ದರೆ ಅದು ಪೂರ್ಣ ಊಟ. 'ಕಾಂಪ್ಲಿಮೆಂಟರಿ' ಎಂದಿದ್ದರೆ ಕೇವಲ ನಂಜಿಕೊಳ್ಳುವ ಪದಾರ್ಥ. ಮರಿಗಾದರೆ 'ಕಿಟನ್' ಎಂದಿರಲಿ. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಮಾಂಸವೋ ಮೀನೋ ಬರಲಿ, ಟಾರಿನ್ ಹೆಸರೂ ಇರಲಿ. ಅಮೆರಿಕದ ನಿಯಮದಲ್ಲಿ 'ವಿತ್ ಟ್ಯೂನಾ' ಎಂದು ಬರೆಯಲು ಶೇ. 3ರಷ್ಟು ಟ್ಯೂನಾ ಮೀನಿದ್ದರೂ ಸಾಕು ಎಂಬುದನ್ನು ನೆನಪಿಡಿ.

ಒಂದು ಸಣ್ಣ ಲೆಕ್ಕ. ರಸದ ಆಹಾರದಲ್ಲಿ ಪ್ರೋಟೀನ್ ಶೇ. 10, ಒಣ ಆಹಾರದಲ್ಲಿ ಶೇ. 32 ಎಂದು ಬರೆದಿದ್ದರೆ ಎರಡನೆಯದೇ ಉತ್ತಮವೆಂದು ತೋರುತ್ತದೆ. ನೀರನ್ನು ಕಳೆದು ನೋಡಿ. ಮೊದಲನೆಯದರಲ್ಲಿ ಉಳಿಯುವ 20 ಭಾಗದಲ್ಲಿ 10, ಅಂದರೆ ಶೇ. 50, ಎರಡನೆಯದರಲ್ಲಿ 90ರಲ್ಲಿ 32, ಅಂದರೆ ಸುಮಾರು ಶೇ. 36. ಏಳನೆಯ ತರಗತಿಯ ಗಣಿತವಿದು.

ತೆರೆದ ಆಹಾರವನ್ನು ನಮ್ಮ ಬಿಸಿಲಿನಲ್ಲಿ ಬಹಳ ಹೊತ್ತು ಬಿಡಬೇಡಿ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನವೇ ಮುಗಿಸಿ. ದಿನವೂ ಪೊಟ್ಟಣ ಕೊಳ್ಳುವುದು ಎಲ್ಲರ ಕೈಗೆ ಎಟುಕುವ ಮಾತಲ್ಲ. ಹಾಗಿದ್ದರೆ ಒಂದು ಹೊತ್ತು ಅದನ್ನು, ಇನ್ನೊಂದು ಹೊತ್ತು ಪೂರ್ಣ ಪೋಷಣೆಯ ಒಣ ಕಾಳನ್ನು ನೀರು ಬೆರೆಸಿ ಕೊಡಬಹುದು. ನಮ್ಮ ಊಟದ ಸಾರು, ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಬೇಡ. ಈರುಳ್ಳಿ ಬೆಳ್ಳುಳ್ಳಿ ಅದಕ್ಕೆ ವಿಷ.

ಕೊನೆಯದಾಗಿ, ನಮ್ಮಂಥ ಸಸ್ಯಾಹಾರಿ ಮನೆಗಳ ಪ್ರಶ್ನೆ. ನನ್ನ ಪತ್ನಿಯೂ ಮೊದಲು ಒಪ್ಪಲಿಲ್ಲ. ಈಗ ನಮ್ಮಲ್ಲಿರುವ ಹೆಣ್ಣು ಬೆಕ್ಕಿಗೆ ಹಿತ್ತಲ ಕಟ್ಟೆಯ ಮೇಲೆ ಬೇರೆ ತಟ್ಟೆಯಿದೆ; ಪೊಟ್ಟಣ ಕತ್ತರಿಸುವವರು ಅವರೇ. ನಮ್ಮ ವ್ರತ ನಮ್ಮದು. ಅದನ್ನು ಆಚರಿಸುವ ಸ್ವಾತಂತ್ರ್ಯ ನಮಗಿದೆ. ಮಾತು ಬಾರದ ಪ್ರಾಣಿಯ ಮೇಲೆ ಹೇರುವ ಹಕ್ಕಿಲ್ಲ. ಅದು ಒಪ್ಪಿಗೆಯಾಗದಿದ್ದರೆ ಬೆಕ್ಕನ್ನು ಸಾಕದಿರುವುದೇ ಧರ್ಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಗಂಗಾವತಿಯ ಶಿಷ್ಯನಿಗೆ ಇಷ್ಟನ್ನೇ ಹೇಳಿದೆ. "ಹಿಂದಿನದು ಓದಿ ತರ್ತೀನ್ರಿ ಸರ್" ಎಂದ. ಶಾಲೆಯಲ್ಲಿದ್ದಾಗ ಪುಸ್ತಕ ಮುಟ್ಟದ ಹುಡುಗನ ಬಾಯಲ್ಲಿ ಈ ಮಾತು ಕೇಳಿ ಸಂತೋಷವಾಯಿತು.

ಎಲ್ಲರಿಗೂ ಒಳಿತಾಗಲಿ.