ಆರು ವೋಲ್ಟೋ, ಹನ್ನೆರಡು ವೋಲ್ಟೋ?

ಹಳೆಯ ಮೋಟಾರನ್ನು ಅಕ್ಕರೆಯಿಂದ ಸಾಕಿಕೊಂಡವರಿಗೆ ಚಳಿಯ ಮುಂಜಾನೆಯೊಂದು ಪರೀಕ್ಷೆಯೇ ಸರಿ. ಸ್ಟಾರ್ಟರನ್ನು ಅದುಮಿದರೆ ಎಂಜಿನ್ನು ನಿದ್ದೆಗಣ್ಣಿನಲ್ಲಿ ಮಗ್ಗುಲು ಬದಲಿಸಿದಂತೆ ಒಮ್ಮೆ ಹೊರಳಿ ಸುಮ್ಮನಾಗುತ್ತದೆ. “6 ವೋಲ್ಟಿನ ಗಾಡಿಯ ಹಣೆಬರಹವೇ ಇಷ್ಟು, 12ಕ್ಕೆ ಬದಲಾಯಿಸಿಬಿಡಿ” ಎಂಬ ಉಪದೇಶ ಒಡನೆಯೇ ದೊರೆಯುತ್ತದೆ. ಅದನ್ನು ಪಾಲಿಸಲು ಅವಸರಪಡಬಾರದೆಂಬುದು ನಮ್ಮ ಮತ.

ಮೊದಲು ಹ್ಯಾಂಡಲ್ ತಿರುಗಿಸಿ ಎಂಜಿನ್ನನ್ನು ಎಬ್ಬಿಸಬೇಕಾಗಿತ್ತು. ಅದು ಹಿಂದಕ್ಕೆ ಒದೆದು ಮಣಿಕಟ್ಟು ಮುರಿದುಕೊಂಡವರು ಅನೇಕರು. ಈ ಸಂಕಟವನ್ನು ನೀಗಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1912ರ ಕ್ಯಾಡಿಲಾಕ್ ಕಾರಿನಲ್ಲಿದ್ದ ಅವನ ಯಂತ್ರವು 24 ವೋಲ್ಟಿನಿಂದ ಎಂಜಿನ್ನನ್ನು ತಿರುಗಿಸಿ, ಅನಂತರ 6 ವೋಲ್ಟಿನಲ್ಲಿ ಬ್ಯಾಟರಿಗಳನ್ನು ತುಂಬುತ್ತಿತ್ತು. ಮುಂದೆ ಅಮೆರಿಕದ ಕಾರುಗಳಲ್ಲಿ 6 ವೋಲ್ಟೇ ರೂಢಿಯಾಯಿತು. ಯುದ್ಧಾನಂತರ ಹೆಚ್ಚು ಒತ್ತಡದ ಎಂಜಿನ್ನುಗಳು ಬಂದಾಗ 1953ರಲ್ಲಿ ಕ್ಯಾಡಿಲಾಕ್, 1955ರಲ್ಲಿ ಷೆವರ್ಲೆ, 1956ರಲ್ಲಿ ಫೋರ್ಡ್ 12ಕ್ಕೆ ಬದಲಾದುವು. ಅದಕ್ಕೆ ಹಿಂದಿನ ಲಕ್ಷಾಂತರ ಕಾರುಗಳು ಹಿಮದಲ್ಲಿಯೂ ಎದ್ದು ಓಡುತ್ತಿದ್ದುವಷ್ಟೆ!

ಹಾಗಾದರೆ ದೋಷವೆಲ್ಲಿ? ಸ್ವಲ್ಪ ಲೆಕ್ಕ ಮಾಡೋಣ. ಸ್ಟಾರ್ಟರು 6 ವೋಲ್ಟಿನಲ್ಲಿ 200 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆನ್ನಿ. ದಾರಿಯಲ್ಲಿರುವ ತಂತಿ, ತುಕ್ಕು, ಸಡಿಲ ಕೀಲುಗಳೆಲ್ಲ ಸೇರಿ ಒಂದು ಓಮಿನ ಇನ್ನೂರನೆಯ ಒಂದು ಪಾಲಿನಷ್ಟು ಅಡ್ಡಿಮಾಡಿದರೂ ಒಂದು ವೋಲ್ಟು ದಾರಿಯಲ್ಲಿಯೇ ಸೋರಿಹೋಗುತ್ತದೆ. ಅಂದರೆ ಆರರಲ್ಲೊಂದು ಪಾಲು! ಅಷ್ಟೇ ಕೆಲಸಕ್ಕೆ 12 ವೋಲ್ಟಿನಲ್ಲಿ 100 ಆಂಪಿಯರ್ ಸಾಕು. ಸೋರಿಕೆ ಅರ್ಧ ವೋಲ್ಟು, ಇಪ್ಪತ್ತನಾಲ್ಕರಲ್ಲೊಂದು ಪಾಲು. 12 ವೋಲ್ಟು ಕೊಳೆಯನ್ನು ಸಹಿಸಿಕೊಳ್ಳುತ್ತದೆ, 6 ವೋಲ್ಟು ಸಹಿಸದು, ವ್ಯತ್ಯಾಸವಿರುವುದು ಇಲ್ಲಿ.

ಆದ್ದರಿಂದ ಮೊದಲು ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋಗುವ ತಂತಿಯನ್ನು ನೋಡಿರಿ. ಇಂದಿನ ಕಾರುಗಳಿಗೆಂದು ಅಂಗಡಿಯಲ್ಲಿ ದೊರೆಯುವ ಅಂದವಾದ ತೆಳುತಂತಿಯನ್ನು ಯಾರೋ ಹಾಕಿಬಿಟ್ಟಿರುವುದುಂಟು. 6 ವೋಲ್ಟಿಗೆ ಹೆಬ್ಬೆರಳ ಗಾತ್ರದ ತಂತಿ ಬೇಕು. ಬ್ಯಾಟರಿಯ ತುದಿಗಳನ್ನೂ, ಚಾಸಿಗೂ ಎಂಜಿನ್ನಿಗೂ ಬಿಗಿದ ಜಾಗಗಳನ್ನೂ ಲೋಹ ಹೊಳೆಯುವಂತೆ ಉಜ್ಜಿಸಿರಿ. ಸ್ಟಾರ್ಟರು ತಿರುಗಿದ ಮೇಲೆ ಯಾವ ಕೀಲು ಬಿಸಿಯಾಗಿದೆಯೋ ಅದೇ ಕಳ್ಳ.

ಇಷ್ಟಾದರೂ ಬದಲಾಯಿಸಲೇಬೇಕೆಂದರೆ ಬ್ಯಾಟರಿಯೊಂದರಿಂದ ಮುಗಿಯದು. ಡೈನಮೋ, ರೆಗ್ಯುಲೇಟರು, ಇಗ್ನಿಷನ್ ಕಾಯಿಲು, ಪ್ರತಿಯೊಂದು ಬಲ್ಬು ಹೊಸದಾಗಬೇಕು. ಪೆಟ್ರೋಲಿನ ಮಟ್ಟ ತೋರುವ ಮುಳ್ಳಿಗೂ ರೇಡಿಯೋವಿಗೂ ವೋಲ್ಟು ತಗ್ಗಿಸುವ ಸಾಧನ ಬೇಕು. ಒಳಗಿನ ತಂತಿಗಳು ಜೀರ್ಣವಾಗಿರದಿದ್ದರೆ ಹಾಗೆಯೇ ಇರಬಹುದು, ಪ್ರವಾಹ ಕಡಿಮೆಯಾಗುವುದಷ್ಟೆ. ಹಳೆಯ ಸ್ಟಾರ್ಟರು 12 ವೋಲ್ಟಿನಲ್ಲಿಯೂ ತಿರುಗೀತು, ಬಲು ರಭಸದಿಂದ ತಿರುಗೀತು; ಆದರೆ ಫ್ಲೈವೀಲಿನ ಹಲ್ಲುಗಳಿಗೆ ಬೀಳುವ ಪೆಟ್ಟೂ ಅಷ್ಟೇ ರಭಸದ್ದು. ಗುಂಡಿಯನ್ನು ಒಂದೆರಡು ಕ್ಷಣಕ್ಕಿಂತ ಹೆಚ್ಚು ಅದುಮದಿರುವುದು ಲೇಸು.

ಇನ್ನೊಂದು ಮಾತು. 1955ರವರೆಗಿನ ಫೋರ್ಡುಗಳಲ್ಲಿ ಬ್ಯಾಟರಿಯ ಧನ ತುದಿ ಚಾಸಿಗೆ ಸೇರಿರುತ್ತದೆ, ಈಗಿನವುಗಳಲ್ಲಿ ಋಣ ತುದಿ. ಇದನ್ನು ಗಮನಿಸದೆ ಈ ಕಾಲದ ಆಲ್ಟರ್ನೇಟರನ್ನು ಜೋಡಿಸಿದರೆ ಅದು ಆ ಕ್ಷಣವೇ ಸುಟ್ಟುಹೋದೀತು. ಬಿಚ್ಚಿದ ಹಳೆಯ ಭಾಗಗಳನ್ನು ಗುಜರಿಗೆ ಹಾಕಬೇಡಿ. ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡಿ. ನಾಳೆ ಗಾಡಿಯನ್ನು ಕೊಳ್ಳಲು ಬರುವವನು ಮೊದಲು ಕೇಳುವುದು ಅವನ್ನೇ.